ಗಡಿಕಲ್ಲಿನ ಈಚೆ ಮಗ್ಗುಲು

ಪಂಚಾಯ್ತಿ ಕಟ್ಟೆಯ ರೇಡಿಯೊ ಆ ಸಂಜೆಯೂ ಅದನ್ನೇ ಹೇಳಿತು. ಒಳನಾಡಿನಲ್ಲಿ ಅಲ್ಲಲ್ಲಿ ಮಳೆಯಾಗುವ ಸಂಭವವಿದೆ.

"ಈ ಅಲ್ಲಲ್ಲಿ ಅನ್ನೋ ಊರು ಯಾವ ತಾಲ್ಲೂಕಿಗೆ ಸೇರೈತೋ, ಅಲ್ಲಿಗೇ ಹೋಗಾಣ ನಡೀರಿ," ಎಂದು ಯಾರೋ ಅಂದರು. ನಾಲ್ಕು ಜನ ನಕ್ಕರು.

ಹಟ್ಟಿಯ ಹಿರಿಯ ಓಬಯ್ಯ ನಗಲಿಲ್ಲ. "ನಿನ್ನೆ ಹೊಳಲ್ಕೆರೆ ಕಡೆಯಿಂದ ಮಳೆ ನಮ್ಮ ಗಡಿಕಲ್ಲಿನ ತನಕ ಬಂತು. ಕಲ್ಲಿನ ಆಚೆ ಮಗ್ಗುಲು ತೊಯ್ದೈತೆ, ಈಚೆ ಮಗ್ಗುಲು ಧೂಳು. ಮುಟ್ಟಿ ನೋಡಿ ಬಂದೀನಿ. ನಮ್ಮ ನೆಲದಾಗೆ ಏನೂ ಇಲ್ದೆ ಮಳೆ ಹಂಗೆ ಹಿಂದಕ್ಕೆ ಹೋಗುತ್ತೇನ್ರಪ್ಪ?"

ಪಕ್ಕದ ಬಾವಿಯಲ್ಲಿ ಹಗ್ಗ ಸೇದುತ್ತಿದ್ದ ನಿಂಗಕ್ಕನ ಕೈ ನಿಂತಿತು. ಯುಗಾದಿಯಿಂದ ಈಚೆಗೆ ಆ ನೆಲದಲ್ಲಿ ಮಣ್ಣಾದವನು ಒಬ್ಬನೇ, ಅವಳ ಗಂಡ ಮಾರಪ್ಪ.

ಮರುದಿನ ಬೆಳಿಗ್ಗೆ ನೆರೆಮನೆಯ ತಿಪ್ಪಕ್ಕ ಮಜ್ಜಿಗೆಗೆಂದು ಚೊಂಬು ಹಿಡಿದು ಬಂದಳು. ಮಜ್ಜಿಗೆ ಹುಯ್ಯಿಸಿಕೊಂಡ ಮೇಲೂ ಹೊಸ್ತಿಲು ಬಿಡಲಿಲ್ಲ.

"ಹೆಣ ತೊಳೆಯುವಾಗ ಓಬಯ್ಯ ನೋಡಿದ್ನಂತೆ. ನಿನ್ನ ಗಂಡನ ಪಕ್ಕೆ ಕೆಳಗೆ ಬೆಳ್ಳಗೆ ಇತ್ತಂತೆ."

"ಅದು ಬರೆ ಕಣೆ. ಹುಡುಗ ಆಗಿದ್ದಾಗ ಹೊಟ್ಟೆ ಉಬ್ಬರಕ್ಕೆ ಕಾಸಿ ಹಾಕಿದ್ದು. ನಮ್ಮ ಹಟ್ಟಿಯಾಗೆ ಬರೆ ಇಲ್ದಿರೋ ಗಂಡಸು ಯಾವನವ್ನೆ?"

"ಬರೆ ಆದ್ರೆ ಇದ್ದಂಗೇ ಇರುತ್ತೆ. ಅದು ಬೆಳೆದಿತ್ತಂತಲ್ಲ."

ತೊನ್ನು ಇದ್ದವರನ್ನು ಸುಡಬೇಕು, ಮಣ್ಣು ಮಾಡಬಾರದು. ಮಾಡಿದರೆ ಭೂಮಿತಾಯಿ ಕಾವೇರುತ್ತಾಳೆ, ಮೋಡ ಮುಖ ತಿರುಗಿಸುತ್ತದೆ. ಮಳೆ ಬರಬೇಕಾದರೆ ಅಗೆದು ತೆಗೆದು ಸುಡಬೇಕು. ಹಟ್ಟಿಯವರು ಹಾಲು ಕುಡಿದಷ್ಟೇ ಸಹಜವಾಗಿ ನಂಬಿಕೊಂಡು ಬಂದ ಮಾತು ಅದು. ಅವಳೂ ನಂಬಿದ್ದಳು, ಬೇರೆಯವರ ಮನೆಯ ಹೆಣದ ವಿಚಾರದಲ್ಲಿ.

"ನಾಳೆ ಬೆಳಿಗ್ಗೆ ಗುದ್ದಲಿ ತಗೊಂಡು ಹೋಗ್ತಾರಂತೆ," ಎಂದು ಚೊಂಬು ಎತ್ತಿಕೊಂಡಳು ತಿಪ್ಪಕ್ಕ. "ನಾನು ಹೇಳ್ದೆ ಅನ್ನಬ್ಯಾಡ."

ಹೊತ್ತು ಇಳಿಯುವಾಗ ನಿಂಗಕ್ಕ ಗುದ್ದಲಿ, ಕುಡುಗೋಲು ಹಿಡಿದು ತಮ್ಮ ಹೊಲದ ಬದುವಿನ ಸಮಾಧಿಗೆ ಹೋದಳು. ಮುಳ್ಳು, ಕಲ್ಲು ಹೇರಿದರೆ ಅಗೆಯಲು ಬಂದವರಿಗೆ ಅಷ್ಟಾದರೂ ತಡೆ. ಸುತ್ತ ಹೋದ ವರ್ಷದ ಒಣಹುಲ್ಲು ಸೊಂಟದೆತ್ತರ ನಿಂತಿತ್ತು. ಹಾವಿನ ಭಯಕ್ಕೆ ಅದನ್ನು ಕೊಯ್ದು ಗುಡ್ಡೆ ಮಾಡಿ ಬೆಂಕಿ ಇಟ್ಟಳು.

ಗಾಳಿ ಬಿದ್ದುಹೋಗಿತ್ತು. ಹೊಗೆ ನೆಟ್ಟಗೆ ಮೇಲೆದ್ದಿತು. ಇರುವೆಗಳು ಮೊಟ್ಟೆ ಕಚ್ಚಿಕೊಂಡು ಬದು ಹತ್ತುತ್ತಿದ್ದವು. ಮೂಡಲಿನಲ್ಲಿ ಮೋಡ ಕಪ್ಪಿಟ್ಟಿತ್ತು. ಒಂದು ಕಾಲಕ್ಕೆ ಇವನ್ನು ಕಂಡರೆ ಕೈ ಮುಗಿಯುತ್ತಿದ್ದಳು. ಈ ವರ್ಷ ಇರುವೆ ಎಷ್ಟು ಸಲ ಹತ್ತಿಲ್ಲ, ಮೋಡ ಎಷ್ಟು ಸಲ ಕಪ್ಪಿಟ್ಟಿಲ್ಲ? ಇರುವೆಯೂ ಸುಳ್ಳು, ರೇಡಿಯೊವೂ ಸುಳ್ಳು.

ಕಲ್ಲು ಹೊರುತ್ತ ಹೊರುತ್ತ ಇನ್ನೊಂದು ಅನುಮಾನ ಒಳಗೆ ಹೊಕ್ಕಿತು. ಮದುವೆಯಾದ ಹೊಸದರಲ್ಲಿ ಬೆನ್ನಿಗೆ ಎಣ್ಣೆ ತಿಕ್ಕುವಾಗ ಆ ಕಲೆ ಬೆರಳಗಲ ಇತ್ತು. ಕೊನೆಕೊನೆಗೆ? ಅಂಗೈ ಅಗಲವಿತ್ತೇ? ಅವನೇಕೆ ಇತ್ತೀಚೆಗೆ ಅಂಗಿ ತೆಗೆಯದೆ ಮಲಗುತ್ತಿದ್ದ? ಶಿವನೇ, ನನ್ನ ಕಣ್ಣನ್ನೂ ಕೆಡಿಸಿದರಲ್ಲ, ಎಂದುಕೊಂಡಳು.

ಮರಳುವ ದಾರಿಯಲ್ಲಿ ಕುರಿ ಹೊಡೆದುಕೊಂಡು ಓಬಯ್ಯ ಎದುರಾದ. ಅವಳ ಮಣ್ಣಾದ ಕೈ ನೋಡಿದ, ಗುದ್ದಲಿ ನೋಡಿದ, ಹಿಂದೆ ಏಳುತ್ತಿದ್ದ ಹೊಗೆ ನೋಡಿದ. ಕುರಿಗಳನ್ನು ಹಟ್ಟಿಯ ಕಡೆ ತಿರುಗಿಸಿದ.

ದೀಪ ಹಚ್ಚುವ ಹೊತ್ತಿಗೆ ಮಘೆ ಮಳೆ ಹುಯ್ಯಿತು. ಗಡಿಕಲ್ಲಿನ ಎರಡೂ ಮಗ್ಗುಲು ತೊಯ್ದು, ಹಳ್ಳ ತುಂಬಿ, ಹಟ್ಟಿಯ ಹಂಚಿಗೆಲ್ಲ ಬಾಯಿ ಬಂದಂತೆ ಹುಯ್ಯಿತು.

ಬೆಳಿಗ್ಗೆ, ಮಳೆ ಬಂದರೂ ಆಡಿದ ಮಾತಿನಂತೆ ಹೊರಟ ಗುದ್ದಲಿಯವರು ಹೊಲಕ್ಕೆ ಬರುವ ಮೊದಲೇ ನಿಂಗಕ್ಕ ಅಲ್ಲಿದ್ದಳು. ನೀರು ಮುಳ್ಳನ್ನು ಕೊಚ್ಚಿಕೊಂಡು ಹೋಗಿತ್ತು. ಸಡಿಲ ಮಣ್ಣು ನೀರು ಕುಡಿದು ಕುಸಿದು, ಸಮಾಧಿಯ ಗುಡ್ಡೆ ಇದ್ದಲ್ಲಿ ಕುಳಿ ಬಿದ್ದಿತ್ತು, ಕಲ್ಲುಗಳು ಅದರೊಳಗೆ ಉರುಳಿದ್ದವು. ಪಕ್ಕದಲ್ಲಿ ತೊಯ್ದ ಬೂದಿ.

ಓಬಯ್ಯ ಕುಳಿ ನೋಡಿದ, ಬೂದಿ ನೋಡಿದ, ಹೆಗಲ ಗುದ್ದಲಿ ಕೆಳಗಿಳಿಸಿದ.

"ಹೇಳಿದ್ರೆ ನಾವೂ ಕೈ ಹಾಕ್ತಿದ್ವಲ್ಲಮ್ಮ," ಎಂದ ಮೆಲ್ಲಗೆ. "ಹೆಂಗಸು ಒಬ್ಬಳೇ ಅಗೆದು ಸುಡಾದು ಅಂದ್ರೆ."

ನಾನು ಏನೂ ಮಾಡಿಲ್ಲ ಮಾವ, ಎಂಬ ಮಾತು ನಿಂಗಕ್ಕನ ನಾಲಗೆಯ ತುದಿಗೆ ಬಂತು. ಹಾಗೆ ಹೇಳಿದರೆ ಗಂಡ ಇನ್ನೂ ಒಳಗೇ ಇದ್ದಾನೆ ಎಂದಂತೆ. ಇಂದಲ್ಲದಿದ್ದರೆ ಮುಂದಿನ ಬರದಲ್ಲಿ ಈ ಗುದ್ದಲಿಗಳು ಇಲ್ಲಿಗೇ ಬರುತ್ತವೆ. ಅವಳು ಸೆರಗು ಬಾಯಿಗೆ ಒತ್ತಿಕೊಂಡು ನೆಲ ನೋಡಿದಳು. ಗಂಡಸರು ಬಂದ ದಾರಿಯಲ್ಲೇ ಹಿಂದಿರುಗಿದರು.

ಅಂದಿನಿಂದ ತಿಪ್ಪಕ್ಕ ಮಜ್ಜಿಗೆಗೆ ಬರಲಿಲ್ಲ. ಬಾವಿಯ ಹತ್ತಿರ ಹೆಂಗಸರು ನಿಂಗಕ್ಕನಿಗೆ ಜಾಗ ಬಿಡುತ್ತಿದ್ದರು, ಮರ್ಯಾದೆಗೋ ಹೇಸಿಗೆಗೋ ತಿಳಿಯದ ಹಾಗೆ. ರಾಗಿ ಮೊಣಕಾಲುದ್ದ ಬಂತು.

ಪಕ್ಷದ ಹಬ್ಬಕ್ಕೆ ಎಲ್ಲರೂ ತಮ್ಮ ತಮ್ಮ ಸಮಾಧಿಗೆ ಮಣ್ಣೇರಿಸಿ ಎಡೆ ಇಟ್ಟರು. ಹಟ್ಟಿಯ ಕಣ್ಣಿಗೆ ಬರಿದಾದ ಕುಳಿಗೆ ಯಾರು ಎಡೆ ಇಡುತ್ತಾರೆ? ನಿಂಗಕ್ಕ ಮಾಡಿದ ಹೋಳಿಗೆಯನ್ನು ಮಡಿಲಲ್ಲೇ ಮುಚ್ಚಿಕೊಂಡು, ಕುರಿ ಹೊಡೆದುಕೊಂಡು ಬರುತ್ತಿದ್ದ ಓಬಯ್ಯ ನೋಡುತ್ತಿದ್ದಂತೆ, ಆ ಬದುವಿನ ಮೇಲೆ ತಲೆ ತಿರುಗಿಸದೆ ನಡೆದುಹೋದಳು.