ಕೈ ಬದಲಾದ ಚೆಲೋ

ಭಾನುವಾರ ಬೆಳಗಿನ ಸಂಗೀತ ಕಛೇರಿಗೆ ಇನ್ನೂ ಸ್ವಲ್ಪ ಹೊತ್ತಿತ್ತು. ವೇದಿಕೆಯ ಹಿಂದಿನ ಕೋಣೆಯಲ್ಲಿ ಮೀಲಾ ಎದೆಯೆತ್ತರದ ಪಿಟೀಲಿನಂತಿದ್ದ ತನ್ನ ಚೆಲೋವನ್ನು ಪೆಟ್ಟಿಗೆಯಿಂದ ತೆಗೆದು, ಕೊನೆಯ ಸ್ನಾನ ಮಾಡಿಸುವವಳಂತೆ ಬಟ್ಟೆಯಿಂದ ಒರೆಸುತ್ತಿದ್ದಳು.

ಅದು ಅವಳ ಅಪ್ಪನದು. ಇದೇ ಆರ್ಕೆಸ್ಟ್ರಾದಲ್ಲಿ, ಈಗ ಅವಳು ಕೂರುವ ಚೆಲೋದವರ ಮೊದಲ ಕುರ್ಚಿಯಲ್ಲೇ ಕೂತು ಅವರು ನುಡಿಸಿದ್ದರು. ಈಚೆಗೆ ಒಂದೆರಡು ವರ್ಷದಿಂದ ಅದರ ದನಿ ಕಟ್ಟಿಹೋಗಿತ್ತು. ವಾದ್ಯ ರಿಪೇರಿಯ ಶ್ತ್ಯೆಪಾನ್ ಒಳಗಿನ ಕಡ್ಡಿ ಸರಿಸಿ ನೋಡಿದ್ದ, ತಂತಿ ಹೊರುವ ಕುದುರೆಯನ್ನೂ ಬದಲಿಸಿದ್ದ. ಕಡೆಗೆ, “ಇದಕ್ಕೇನೂ ಆಗಿಲ್ಲ, ಮೀಲಾ ಅವರೇ” ಎಂದು ಕೈಬಿಟ್ಟಿದ್ದ. ಮುದುಕನಿಗೆ ಕಿವಿ ಮಂದವಾಗಿದೆ ಎಂದು ಅವಳು ಊರೆಲ್ಲ ಹೇಳಿಕೊಂಡು ಬಂದಳು. ಇವತ್ತು ಕಛೇರಿ ಮುಗಿದೊಡನೆ ಬ್ರನೋ ನಗರದಿಂದ ಬರುವ ಹುಡುಗಿಯೊಬ್ಬಳು ಅದನ್ನು ಕೊಂಡು ಒಯ್ಯುವವಳಿದ್ದಳು.

“ಮಾರೋದು ಮಧ್ಯಾಹ್ನದ ಸೂಪ್ ಕುಡಿಯೋಕ್ ಮುಂಚೇನೋ, ಆಮೇಲೋ?” ಎಂದು ಒತಾಕರ್ ಕೇಳಿದ. ಪಕ್ಕದ ಕುರ್ಚಿಯವನು, ವರ್ಷಾನುಗಟ್ಟಲೆ ಇಬ್ಬರೂ ಒಂದೇ ಹಾಳೆ ನೋಡಿ ನುಡಿಸಿದವರು.

“ಮುಂಚೆ. ಹೊಟ್ಟೆ ತುಂಬಿದ್ರೆ ಮನಸ್ಸು ಮೆತ್ತಗಾಗತ್ತೆ.”

“ನಿಮ್ಮಪ್ಪ ಇದ್ದಿದ್ರೆ ಇದನ್ನ ಇಟ್ಕೊಂಡು ನಿನ್ನನ್ನ ಮಾರ್ತಿದ್ರು.”

“ಸತ್ತಿರೋದನ್ನ ಮನೇಲಿಟ್ಕೊಂಡು ಏನ್ ಮಾಡ್ಲಿ, ಒತಾ?”

ಒತಾಕರ್ ಅವಳ ಬಲಗೈಯ ಕಡೆ ಒಮ್ಮೆ ನೋಡಿ ಬೇರೆ ಕಡೆ ತಿರುಗಿದ. ಆ ಕೈ ನಡುಗುವುದು ಯಾರಿಗೂ ಗೊತ್ತಿಲ್ಲವೆಂದು ಅವಳು ನಂಬಿದ್ದಳು. ಕಮಾನನ್ನು ತಂತಿಯ ಮೇಲೆ ಬಲವಾಗಿ ಒತ್ತಿ ಹಿಡಿದರೆ ನಡುಕ ಕಾಣುತ್ತಿರಲಿಲ್ಲ.

ಮೊದಲು ಚೆಲೋ ಕಾನ್ಸೆರ್ಟೊ, ಒಬ್ಬ ಚೆಲೋ ವಾದಕ ಮುಂದೆ ಕೂತು ನುಡಿಸಿದರೆ ಉಳಿದವರೆಲ್ಲ ಜೊತೆಗೂಡುವಂಥದು. ಮುಖ್ಯ ವಾದಕ ಹಿನೆಕ್ ಪ್ರಾಗಿನವನು, ಮೂವತ್ತು ದಾಟಿರಲಿಕ್ಕಿಲ್ಲ. ಮೀಲಾಳಿಗೆ ಎಟುಕುವಷ್ಟು ಹತ್ತಿರದಲ್ಲೇ ಕೂತಿದ್ದ. ನಡುವಿನ ನಿಧಾನದ ಭಾಗ ಶುರುವಾಗಿ ಸಭೆಯೆಲ್ಲ ಉಸಿರು ತಗ್ಗಿಸಿ ಕೇಳುತ್ತಿದ್ದಾಗ ಛಟ್ಟೆಂದು ಸದ್ದಾಯಿತು. ಹಿನೆಕ್‌ನ ಚೆಲೋದ ಮೇಲಿನ ತಂತಿ ಹರಿದು ಸುರುಳಿಯಾಗಿ ಜೋತಾಡಿತು.

ಇಂಥ ಹೊತ್ತಿನಲ್ಲಿ ಏನು ಮಾಡಬೇಕೆಂದು ಯಾರೂ ಯಾರಿಗೂ ಹೇಳಬೇಕಾಗಿಲ್ಲ. ಹಿನೆಕ್ ಕೈ ಚಾಚಿದ. ಮೀಲಾ ತನ್ನ ಚೆಲೋ ಕೊಟ್ಟಳು. ಒತಾಕರ್ ತನ್ನದನ್ನು ಅವಳಿಗೆ ಕೊಟ್ಟು ಹಿಂದಿನವನದನ್ನು ತೆಗೆದುಕೊಂಡ. ತಂತಿ ಹರಿದದ್ದು ಕೈಯಿಂದ ಕೈಗೆ ಸಾಗಿ ಕೊನೆಯ ಸಾಲಿಗೆ ಹೋಯಿತು. ಅಲ್ಲಿದ್ದವನು ಅದನ್ನೆತ್ತಿಕೊಂಡು ಸದ್ದಿಲ್ಲದೆ ಆಚೆ ನಡೆದ. ಪಿಟೀಲುಗಳು ನಿಲ್ಲಲೇ ಇಲ್ಲ.

ಪಾಪ, ಎಂದುಕೊಂಡಳು ಮೀಲಾ. ಆ ಕಟ್ಟಿಗೆಯಿಂದ ಈ ಹುಡುಗ ಏನು ಹೊರಡಿಸಿಯಾನು?

ಹಿನೆಕ್ ಕಮಾನು ಇಟ್ಟ.

ಮೀಲಾ ತಟ್ಟನೆ ತಲೆಯೆತ್ತಿದಳು. ಅದು ಅಪ್ಪನ ದನಿ. ಅವಳು ಚಿಕ್ಕವಳಾಗಿದ್ದಾಗ ಅಜ್ಜಿ ಸಂಜೆ ಹೊತ್ತು ಬೈಬಲಿನ ಕೀರ್ತನೆಗಳನ್ನು ಓದುತ್ತಿದ್ದಳು. ದನಿ ಎತ್ತದಿದ್ದರೂ ಒಂದೊಂದು ಪದವೂ ಅಡುಗೆಮನೆಯ ಮೂಲೆಯವರೆಗೆ ನಡೆದು ಬರುತ್ತಿತ್ತು. ಹಾಗೇ ಈ ದನಿ ಯಾರನ್ನೂ ನೂಕದೆ ಸಭೆಯ ಕೊನೆಯ ಗೋಡೆಯನ್ನು ಮುಟ್ಟಿ ಬಂತು.

ತನ್ನ ಸರದಿ ಬಂದಾಗ ಅವಳು ಒತಾಕರ್‌ನ ಚೆಲೋ ಮೇಲೆ ಕಮಾನು ಎಳೆದಳು. ಆ ಮೆಲುದನಿಯ ವಾದ್ಯ ಅವಳ ಕೈಯಲ್ಲಿ ಗಂಟಲು ಕಟ್ಟಿದಂತೆ ಗೊರಗೊರ ಎಂದಿತು. ಮನೆಯಲ್ಲಿ ದಿನಾ ಕೇಳುತ್ತಿದ್ದ ಅದೇ ಗೊರಗೊರ ಸದ್ದು. ಅವಳಿಗೆ ಹಾಳೆಯ ಮೇಲಿನ ಗೆರೆಗಳು ಕಾಣದಾದವು. ಚೆಲೋ ಸತ್ತಿರಲಿಲ್ಲ. ಇಷ್ಟು ಕಾಲ ಅದರ ಕತ್ತು ಹಿಸುಕುತ್ತಿದ್ದದ್ದು ಅವಳ ಕೈ.

ವಿರಾಮದಲ್ಲಿ ಹಿನೆಕ್ ಚೆಲೋವನ್ನು ಎರಡೂ ಕೈಯಲ್ಲಿ ತಂದುಕೊಟ್ಟ.

“ಪುಣ್ಯವಂತರು ನೀವು, ಮೀಲಾ ಅವರೇ. ಸುಮ್ನೆ ಕಮಾನು ಇಟ್ರೆ ಸಾಕು, ತಾನೇ ಮಾತಾಡತ್ತೆ. ಸ್ವಲ್ಪ ಒತ್ತಿದ್ರೆ ಮಾತ್ರ ಮುನಿಸ್ಕೊಳತ್ತೆ, ಅಲ್ವಾ?”

“ಹೌದು, ಮುನಿಸ್ಕೊಳತ್ತೆ,” ಎಂದಳು.

ಅವನು ಹೋದ ಮೇಲೆ ಒತಾಕರ್‌ನ ತೋಳು ಹಿಡಿದಳು. “ನಿಂಗೆ ಗೊತ್ತಿತ್ತಾ?”

“ಕೈ ವಿಷ್ಯ ಗೊತ್ತಿತ್ತು.”

“ಯಾಕ್ ಹೇಳ್ಲಿಲ್ಲ?”

“ಹೇಳಿದ್ರೆ ನನ್ ಕಿವೀನೂ ಮಂದ ಅಂತಿದ್ದೆ.” ಅವನೇ ಮುಂದುವರಿಸಿದ: “ಈಗ ಬರೋ ಸಿಂಫನೀಲಿ ನಿನ್ನೊಬ್ಬಳದೇ ಸಾಲು ಬರತ್ತಲ್ಲ, ಅದನ್ನ ನಾನು ನುಡಿಸ್ಲಾ? ಇಲ್ಲಾಂದ್ರೆ ನೀನೇ ಯಾವಾಗ್ಲೂ ಒತ್ತೋ ಹಂಗೆ ಒತ್ತಿದ್ರೂ ನಡೆಯತ್ತೆ. ಯಾರಿಗೂ ತಿಳಿಯಲ್ಲ.”

ಅವಳು ಬೇಡವೆಂದು ತಲೆಯಾಡಿಸಿದಳು. ಎರಡರಲ್ಲಿ ಯಾವುದಕ್ಕೆ ಬೇಡವೆಂದಳೋ ಅವನಿಗೆ ತಿಳಿಯಲಿಲ್ಲ.

ಸಿಂಫನಿಯ ಎರಡನೆಯ ಭಾಗದಲ್ಲಿ ಎಲ್ಲ ವಾದ್ಯಗಳೂ ಸುಮ್ಮನಾಗಿ ಮೊದಲ ಚೆಲೋಗೆ ದಾರಿ ಬಿಡುತ್ತವೆ. ನಾಲ್ಕು ಉಸಿರಿನಷ್ಟು ಉದ್ದದ ಸಾಲು. ಎದುರು ನಿಂತು ಕೈಬೀಸಿ ವಾದ್ಯದವರನ್ನು ನಡೆಸುತ್ತಿದ್ದ ನಿರ್ದೇಶಕ ಅವಳ ಕಡೆ ತಿರುಗಿದ. ಮೀಲಾ ತಂತಿಯ ಮೇಲೆ ಕಮಾನನ್ನು ಸುಮ್ಮನೆ ಇಟ್ಟಳು, ಒತ್ತಲಿಲ್ಲ. ಕಮಾನು ನಡುಗಿತು. ಸಭೆಯ ಮುಂದಿನ ಸಾಲಿನಲ್ಲಿ ಕೂತ ಹೆಂಗಸೊಬ್ಬಳು ಆ ಕೈಯನ್ನೇ ದಿಟ್ಟಿಸಿದಳು. ನಿರ್ದೇಶಕನ ಹುಬ್ಬು ಮೇಲೇರಿತು. ಸ್ವರ ಗಾಳಿಗೆ ಸಿಕ್ಕ ದೀಪದಂತೆ ಅಲ್ಲಾಡಿತು. ಆದರೆ ಆ ಗೊರಗೊರ ಇರಲಿಲ್ಲ. ಆ ನಡುಕದ ನಡುವಿನಿಂದಲೇ ಅಪ್ಪನ ದನಿ ಮೆಲ್ಲಗೆ ಎದ್ದು ಕೊನೆಯ ಗೋಡೆಯ ಕಡೆ ನಡೆಯಿತು.

ಚಪ್ಪಾಳೆ ನಿಂತ ಮೇಲೆ, ಬ್ರನೋದ ಹುಡುಗಿ ಕೋಟು ತೂಗುಹಾಕುವಲ್ಲಿ ಕಾಯುತ್ತಿದ್ದಳು. ಖಾಲಿ ಪೆಟ್ಟಿಗೆಯನ್ನೂ ಹೊತ್ತು ತಂದಿದ್ದಳು.

“ಕ್ಷಮಿಸಮ್ಮ, ಕೊಡಕ್ಕಾಗಲ್ಲ,” ಎಂದಳು ಮೀಲಾ. “ಅಷ್ಟು ದೂರದಿಂದ ಬಂದಿದೀಯ. ಊಟ ಮಾಡ್ಕೊಂಡು ಹೋಗು.”

ಹುಡುಗಿ ಒತಾಕರ್‌ನ ಮುಖ ನೋಡಿದಳು. ಅವನು ಭುಜ ಕುಣಿಸಿದ.

“ನಾಳೆಯಿಂದ ಮೊದಲನೇ ಕುರ್ಚೀಲಿ ನೀನು ಕೂತ್ಕೊ, ಒತಾ,” ಎಂದಳು ಮೀಲಾ. “ಹಿಂದಿನ ಸಾಲಲ್ಲಿ ನಂಗೊಂದು ಜಾಗ ಕೊಡ್ತಾರಾ, ಕೇಳ್ತೀನಿ. ಕೊಡದಿದ್ರೆ ಮನೇಲಿ ನುಡಿಸ್ತೀನಿ.”

ಅವಳ ಬಲಗೈ ನಡುಗುತ್ತಲೇ ಇತ್ತು. ಇಷ್ಟು ದಿನ ಕೋಟಿನ ಜೇಬಿಗೆ ತುರುಕುತ್ತಿದ್ದ ಆ ಕೈಯಿಂದಲೇ ಚೆಲೋದ ಪೆಟ್ಟಿಗೆ ಎತ್ತಿಕೊಂಡಳು. ಶ್ತ್ಯೆಪಾನ್‌ನ ಅಂಗಡಿ ಭಾನುವಾರ ಬಾಗಿಲು ಹಾಕಿರುತ್ತದೆ; ಅವನ ಕಿವಿಗೇನೂ ಆಗಿಲ್ಲವೆಂದು ಹೇಳಲು ಮನೆಗೇ ಹೋಗಬೇಕು.