ಕಣ್ಣು ಮುಚ್ಚದವರಿಗೆ ಮಂಚ

ಹಾಸಿಗೆ ಅಂಗಡಿಯವನಿಗೆ ಇಂಥ ಬುದ್ಧಿ ಯಾರು ಕೊಟ್ಟರೋ ಕಾಣೆ. ಶನಿವಾರ ಮಧ್ಯಾಹ್ನ ಹನ್ನೆರಡಕ್ಕೆ ಹತ್ತು ಜನರನ್ನು ಹತ್ತು ಮಂಚಗಳ ಮೇಲೆ ಕೂರಿಸುವುದು. ಮ್ಯಾನೇಜರ್ ಹತ್ತು ಎಣಿಸುವವರೆಗೆ ಯಾರ ಕಣ್ಣು ಮುಚ್ಚಿರುತ್ತದೋ ಅವರನ್ನು ಸೀಟಿ ಊದಿ ಹೊರಗೆ ಹಾಕುವುದು. ಕೊನೆಯವರೆಗೆ ಎಚ್ಚರವಿದ್ದವರಿಗೆ ಅವರು ಕೂತ ಮಂಚವೇ ಬಹುಮಾನ, ಹಾಸಿಗೆ ಸಮೇತ.

"ಇದು ನನಗೋಸ್ಕರಾನೇ ಇಟ್ಟಿರೋ ಪಂದ್ಯ ಕಣೇ," ಎಂದರು ನನ್ನ ಗಂಡ. ಇಪ್ಪತ್ತೆರಡು ವರ್ಷದಿಂದ ಅವರಿಗೆ ಬೇಕರಿಯಲ್ಲಿ ರಾತ್ರಿ ಪಾಳಿ. ರಾತ್ರಿಯೆಲ್ಲ ಹಿಟ್ಟು ನಾದಿ, ಬ್ರೆಡ್ ಬೇಯಿಸಿ, ಬೆಳಗ್ಗೆ ಆರೂವರೆಗೆ ಮನೆ ಸೇರುತ್ತಾರೆ. ನಾನು ಎದ್ದ ಜಾಗದಲ್ಲೇ ಅವರು ಬೀಳುತ್ತಾರೆ. ರಜೆಯ ದಿನವೂ ಅವರಿಗೆ ರಾತ್ರಿ ನಿದ್ದೆ ಹತ್ತದು. ಅಡುಗೆಮನೆಯಲ್ಲಿ ಕೂತು ಹಳೇ ರೇಡಿಯೋ ಬಿಚ್ಚುತ್ತಾರೆ. ಮದುವೆಯಾದಾಗಿನಿಂದ ನಾವಿಬ್ಬರೂ ಒಟ್ಟಿಗೆ ನಿದ್ದೆ ಮಾಡಿದ್ದೇ ಇಲ್ಲ. ಹಾಸಿಗೆಗೆ ಮಾತ್ರ ಬಿಡುವಿಲ್ಲದೆ ನಡುವೆ ಹಳ್ಳ ಬಿದ್ದಿದೆ. ಎರಡು ವರ್ಷದಿಂದ ನನ್ನ ಸೊಂಟ ಹಿಡಿದುಕೊಂಡಿದೆ. ಗೋಡೆ ಹಿಡಿಯದೆ ಏಳಲಾರೆ. ಡಾಕ್ಟರು, "ಮಾತ್ರೆ ಆಮೇಲೆ, ಮೊದಲು ಹಾಸಿಗೆ ಬದಲಾಯಿಸಮ್ಮಾ," ಎಂದಿದ್ದರು. ಆ ಮಂಚ ನಮಗೆ ಬೇಕೇ ಬೇಕಿತ್ತು.

ನನ್ನ ತಂಗಿ ಅಂಗಡಿಯಲ್ಲೇ ಇದ್ದು ಫೋನ್ ಮಾಡುತ್ತಿದ್ದಳು. "ಮೂವರು ಔಟ್. ಜಿಮ್ ಮಾಸ್ತರು ಗೊರಕೆ ಹೊಡೆದೇಬಿಟ್ರು! ಭಾವ ಎಲ್ಲರನ್ನೂ ರೇಗಿಸ್ತಾ ಕೂತಿದಾರೆ." ಬೆಳಗಿನ ಜಾವ ನಾಲ್ಕು ಗಂಟೆಯ ಹೊತ್ತಿಗೆ ನನ್ನ ಗಂಡನ ಜೊತೆ ಉಳಿದದ್ದು ಒಬ್ಬ ಲಾರಿ ಡ್ರೈವರ್. "ಅವನು ತನ್ನ ಕೆನ್ನೆಗೆ ತಾನೇ ಹೊಡ್ಕೋತಿದಾನೆ. ಮಂಚ ನಮ್ದೇ ಅನ್ಕೋ ಅಕ್ಕಾ."

ಖುಷಿಗೆ ನನಗೂ ನಿದ್ದೆ ಬರಲಿಲ್ಲ. ಫ್ಲಾಸ್ಕಿನಲ್ಲಿ ಕಾಫಿ ತುಂಬಿಕೊಂಡು ಅಂಗಡಿಗೆ ಹೋದಾಗ ಸರಿಯಾಗಿ ಬೆಳಗ್ಗೆ ಆರೂವರೆ. ಕಿಟಕಿಯ ಪಕ್ಕದ ಮಂಚದಲ್ಲಿ ಇವರು ದಿಂಬಿಗೊರಗಿ ಕೂತಿದ್ದರು. ಬಿಸಿಲು ನೇರ ಮುಖಕ್ಕೆ ಹೊಡೆಯುತ್ತಿತ್ತು. ಎದುರಿನ ಮಂಚದಲ್ಲಿ ಡ್ರೈವರ್ ಕಣ್ಣು ಮುಚ್ಚುತ್ತ, ಬೆಚ್ಚಿ ತೆರೆಯುತ್ತ ತೂಕಡಿಸುತ್ತಿದ್ದ. ಇನ್ನು ಐದು ನಿಮಿಷದ ಮಾತು.

ಆಗ ನಾನು ಮಾಡಿದ್ದನ್ನು ನೆನೆದರೆ ಈಗಲೂ ತಲೆ ಚಚ್ಚಿಕೊಳ್ಳುವ ಹಾಗಾಗುತ್ತದೆ. ಫ್ಲಾಸ್ಕ್ ಕೆಳಗಿಟ್ಟೆ. ಕಿಟಕಿಯ ಪರದೆ ಎಳೆದೆ. ಅವರ ಕಾಲಿನ ಮೇಲೆ ಹೊದಿಕೆ ಹಾಕಿ, ಹಣೆ ಮುಟ್ಟಿ, "ಸಾಕಾಯ್ತೇನ್ರೀ? ಮಲಗಿ," ಎಂದೆ. ಇಪ್ಪತ್ತೆರಡು ವರ್ಷ ಆರೂವರೆಗೆ ಮಾಡುತ್ತ ಬಂದದ್ದು ಅದನ್ನೇ. ಅವರೂ ದಿನಾ ಮಾಡುವುದನ್ನೇ ಮಾಡಿದರು: "ಹೂಂ" ಎಂದು ಮಗ್ಗುಲಾದರು.

"ಅಯ್ಯೋ ಅಕ್ಕಾ!" ತಂಗಿ ಕಿರುಚಿದಳು. ಭುಜ ಹಿಡಿದು ಅಲುಗಾಡಿಸಿದೆ. ಪಕ್ಕದಲ್ಲೇ ರಸ್ತೆ ಅಗೆದರೂ ಏಳದ ಆಸಾಮಿ! ಮ್ಯಾನೇಜರ್ ಹತ್ತು ಎಣಿಸಿ ಸೀಟಿ ಊದಿದ. ಡ್ರೈವರ್ ಬೆಚ್ಚಿಬಿದ್ದು, "ಯಾರು ಹೋದ್ರು?" ಎಂದು ಕೇಳಿದ. ಗೆದ್ದದ್ದು ತಾನೇ ಎಂದು ತಿಳಿಯಲು ಅವನಿಗೂ ಹೊತ್ತು ಹಿಡಿಯಿತು.

ಮ್ಯಾನೇಜರ್ ಒಳ್ಳೆಯವನು. "ಅಂಗಡಿ ತೆಗೆಯೋದು ಹತ್ತಕ್ಕೆ. ಅಲ್ಲೀವರೆಗೂ ಮಲಗ್ಲಿ ಬಿಡಿ," ಎಂದ.

ಮಂಚದ ಅಂಚಿನಲ್ಲಿ ಕೂತು ಅತ್ತುಬಿಟ್ಟೆ. ನನ್ನ ಸೊಂಟಕ್ಕೋಸ್ಕರ ಹದಿನೆಂಟು ಗಂಟೆ ಕಣ್ಣು ಬಿಟ್ಟುಕೊಂಡು ಕೂತ ಮನುಷ್ಯನನ್ನು ನಾನೇ ಕೈಯಾರೆ ಮಲಗಿಸಿಬಿಟ್ಟಿದ್ದೆ. ನನ್ನ ಅಳುವಿಗೋ ಏನೋ, ಅವರು ಅರೆಗಣ್ಣು ತೆರೆದರು.

"ಗೆದ್ವಾ?"

"ಇಲ್ಲಾರೀ. ನಾನೇ ಸೋಲಿಸ್ಬಿಟ್ಟೆ."

"ಹೋಗ್ಲಿ ಬಿಡು. ಹಾಸಿಗೆ ಚೆನ್ನಾಗಿದೆ."

ಕಣ್ಣೊರೆಸಿಕೊಂಡು ಚಪ್ಪಲಿ ಬಿಟ್ಟೆ.

"ಸ್ವಲ್ಪ ಆ ಕಡೆ ಸರ್ಕೊಳ್ರೀ," ಎಂದೆ.

ಅವರು ಸರಿದರು.