ನಡುಮನೆಗೆ ಪರ್ಮಿಷನ್

ನಮ್ಮ ಓಣಿಯ ತುದಿಯಲ್ಲಿ ಆದೋನಿ ಕೋಟೆಯ ಹಳೆಯ ಗೋಡೆಯದೊಂದು ತುಂಡು ನಿಂತಿದೆ. ಅದರ ಮೇಲೆ ಮೇಕೆಗಳು ಹತ್ತುತ್ತವೆ, ನೆರಳಿನಲ್ಲಿ ಗಂಡಸರು ಇಸ್ಪೀಟು ಆಡುತ್ತಾರೆ, ಮಳೆಗಾಲದಲ್ಲಿ ಕಲ್ಲುಗಳು ಒಂದೊಂದೇ ಉರುಳಿ ಬೀಳುತ್ತವೆ. ಬೀಳುವುದಕ್ಕೆ ಅದು ಯಾರ ಅಪ್ಪಣೆಯನ್ನೂ ಕೇಳಿಲ್ಲ. ಅದರ ಮಗ್ಗುಲಲ್ಲಿ ಹುಟ್ಟಿದ ತಪ್ಪಿಗೆ ನಾವು ಮಾತ್ರ, ನಮ್ಮದೇ ಮನೆಯ ಗೋಡೆ ಬಿಚ್ಚಿ ಕಟ್ಟಬೇಕೆಂದರೆ, ಮೊದಲು ಕೋಟೆ ನೋಡಿಕೊಳ್ಳುವ ಇಲಾಖೆಯ ಒಪ್ಪಿಗೆ ತರಬೇಕು. ಆಮೇಲೆ ಪ್ಲಾನಿಗೆ ಮಂಜೂರಾತಿ. ಹತ್ತಿ ಮಿಲ್ಲಿನಲ್ಲಿ ಬೇಲು ಕಟ್ಟುತ್ತ ತಲೆಗೂದಲು ಬೆಳ್ಳಗೆ ಮಾಡಿಕೊಂಡ ನನಗೆ, ಈ ಅಂಜಿನಪ್ಪನಿಗೆ, ಇಂಥದ್ದೊಂದು ಕಾನೂನು ಇದೆಯೆಂದು ತಿಳಿದದ್ದೇ ಈ ವರ್ಷ.

ನಮಗೆ ಬೇಕಾಗಿದ್ದು ಬಂಗಲೆಯಲ್ಲ, ಒಂದು ನಡುಮನೆ. ನಮ್ಮದು ಕಲ್ಲು ಮಣ್ಣಿನ ಹಳೆಯ ಮಾಳಿಗೆ ಮನೆ, ತೊಲೆಗಳ ಮೇಲೆ ಮಣ್ಣಿನ ಸೂರು. ನಡುಮನೆಯ ತೊಲೆಗೆ ಗೆದ್ದಲು ಹತ್ತಿತ್ತು. ಹಿಂದಿನ ಗೋಡೆ ಮೇಲಿನಿಂದ ಕೆಳಗಿನವರೆಗೆ ಬಿರುಕು ಬಿಟ್ಟು ಅಂಗೈ ತೂರುವಷ್ಟು ಬಾಯಿ ತೆರೆದಿತ್ತು. ಹೋದ ವರ್ಷ ಕಟ್ಟಿಗೆ ಅಡ್ಡೆಯಿಂದ ಒಂದು ಬೇವಿನ ಕಂಬ ಹೊತ್ತು ತಂದು ತೊಲೆಗೆ ಆನಿಸಿ ನಿಲ್ಲಿಸಿದ್ದೆ. ನಾವಿಬ್ಬರೇ ಇದ್ದಿದ್ದರೆ ಆ ಕಂಬವನ್ನೇ ನಂಬಿಕೊಂಡು ಇನ್ನಷ್ಟು ವರ್ಷ ತಳ್ಳುತ್ತಿದ್ದೆವು. ಆದರೆ ಆಲೂರಿಗೆ ಕೊಟ್ಟ ನಮ್ಮ ಮಗಳು ಹರಿತಾ ಬಸುರಿಯಾದಳು. ಚೊಚ್ಚಲ ಬಾಣಂತನ ತವರಿನದು. ಹೆರಿಗೆ ಆಸ್ಪತ್ರೆಯಲ್ಲಾದರೂ ತಾಯಿ ಮಗು ಬಂದು ಮಲಗುವುದು ಈ ನಡುಮನೆಯಲ್ಲೇ, ತೊಟ್ಟಿಲು ಕಟ್ಟುವುದು ಈ ತೊಲೆಗೇ. ಈಗ ಅದಕ್ಕೆ ಒಂದು ಬುಟ್ಟಿ ಉಳ್ಳಾಗಡ್ಡಿ ತೂಗುಹಾಕಲೂ ನನಗೆ ಧೈರ್ಯವಿರಲಿಲ್ಲ.

ಸುದ್ದಿ ತಿಳಿದ ವಾರದಲ್ಲೇ ನಾನು ಲಕ್ಷ್ಮಿಕಾಂತನ ಬಳಿ ಹೋದೆ. ಮನೆಯ ನಕ್ಷೆ ಬರೆದು ಕಂಪ್ಯೂಟರಿನಲ್ಲಿ ಅರ್ಜಿ ಹಾಕಿಕೊಡುವುದು ಅವನ ಉದ್ಯೋಗ. ಒಳ್ಳೆಯ ಹುಡುಗ, ಮಾತು ಮಾತ್ರ ಜಾಸ್ತಿ.

"ಮಾಮಾ, ಫೋಟೋ, ಕಾಗದ ಎಲ್ಲಾ ಹಾಕೀನಿ. ಇನ್ನ ಇನ್‌ಸ್ಪೆಕ್ಷನ್ನಿಗೆ ಕೋಟೆ ಇಲಾಖೆ ಸಾರು ಬರ್ತಾನ. ಬಂದು ಗ್ವಾಡಿ ನೋಡಿ, ಹೌದು, ಬಿಚ್ಚಬೇಕು ಅಂತ ಬರದ್ರ ಮುಗೀತು."

"ಯಾವಾಗ ಬರ್ತಾನಪ್ಪಾ?"

"ಅದನ್ನ ಮಾತ್ರ ಕೇಳಬ್ಯಾಡ್ರಿ."

ಸಾರು ಬರುವ ಹೊತ್ತಿಗೆ ಹರಿತಾಳಿಗೆ ಐದು ತಿಂಗಳು ತುಂಬಿತ್ತು. ನಾಳೆ ಬರುತ್ತಾನೆಂದು ಫೋನು ಬಂದದ್ದೇ ತಡ, ನನ್ನ ಹೆಂಡತಿ ಗಾದಿಲಿಂಗಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿದಳು. ನಾನು ಮಿಲ್ಲಿನಿಂದ ತಿರುಗಿ ಬಂದಾಗ ಮನೆಯ ಗುರುತೇ ಹತ್ತಲಿಲ್ಲ. ಬಿರುಕಿಗೆ ಸೆಗಣಿ ಮಣ್ಣು ಕಲಸಿ ಗಟ್ಟಿಯಾಗಿ ಮೆತ್ತಿದ್ದಳು. ಮೇಲೆ ಸುಣ್ಣ ಬಳಿದು, ಗೋಡೆಯ ಬುಡಕ್ಕೆ ಕೆಮ್ಮಣ್ಣಿನ ಪಟ್ಟಿ ಎಳೆದಿದ್ದಳು. ನಡುಮನೆಯ ಆನಿಕೆ ಕಂಬಕ್ಕೂ ಸುಣ್ಣ, ಕೆಮ್ಮಣ್ಣು, ಮೇಲೊಂದು ಮಾವಿನ ಎಲೆಯ ಸರ. ಮದುವೆ ಹಂದರದ ಕಂಬ ಕೂಡ ಅಷ್ಟು ಚೆಂದ ಇರುವುದಿಲ್ಲ.

"ಏನ್ ಮಾಡೀಯೇ ಇದು? ಆತ ಬಿರುಕು ನೋಡಾಕ ಬರಾಕತ್ಯಾನ!"

"ಸರ್ಕಾರಿ ಮನಿಷ್ಯಾ ಮನಿಗೆ ಬಂದ್ರ ಹರಕ ಮನಿ ತೋರಿಸ್ಲ್ಯಾ? ನಾಕು ಮಂದಿ ಏನಂತಾರ? ನೋಡಿದ್ರ ಗೊತ್ತಾಗ್ತೈತಿ, ಓದಿದಾತ ಅದಾನ."

ಆಕೆಯ ಮೇಲೆ ಸಿಟ್ಟೇನೋ ಬಂತು. ಆದರೆ ಗೋಡೆ ಬೆಳಗುತ್ತಿತ್ತು, ನಿಜ ಹೇಳಬೇಕೆಂದರೆ ನನಗೂ ಹಿಗ್ಗೇ ಆಯಿತು. ನಮ್ಮ ಕಡೆ ಮನೆಗೆ ಯಾರೇ ಹೊಸಬರು ಬಂದರೂ ಹೆಂಗಸರು ಮೊದಲು ಗೋಡೆಗೆ ಕೈ ಹಚ್ಚುತ್ತಾರೆ. ಹೆಣ್ಣು ನೋಡಲು ಬರುವವರಿಗೂ ಸುಣ್ಣ, ಸಾಲ ಕೇಳಲು ಬರುವವರಿಗೂ ಸುಣ್ಣ.

ಮಲಗುವ ಮೊದಲು ಆಕೆ ಇನ್ನೊಂದು ಕಟ್ಟಪ್ಪಣೆ ಮಾಡಿದಳು. "ಮನಿ ಬೀಳ್ತೈತಿ ಅನ್ನೋ ಮಾತು ಮನ್ಯಾಗ ನಿಂತು ಆಡಬ್ಯಾಡ್ರಿ. ಬಸರಿ ಮಗಳು ಬರೋ ಮನಿ."

ನನ್ನ ತಾಯಿಯೂ ಹಾಗೇ ಅನ್ನುತ್ತಿದ್ದಳು. ಬಸುರಿ ಇರುವಾಗ ಬಿತ್ತು, ಮುರಿಯಿತು, ಒಡೆಯಿತು ಎಂಬ ಮಾತು ಮನೆಯಲ್ಲಿ ಯಾರೂ ಎತ್ತುವುದಿಲ್ಲ. ಬಳೆ ಒಡೆದರೂ ಹೆಚ್ಚಿತು ಅನ್ನಬೇಕು.

ಮರುದಿನ ಬಂದ ಸಾರು ಶಿವಕೃಷ್ಣ ಎಂಬ ಎಳೆಯ ವಯಸ್ಸಿನವನು, ಕೃಷ್ಣಾ ಜಿಲ್ಲೆಯ ಕಡೆಯ ತೆಲುಗಿನವನು. ಚಪ್ಪಲಿ ಬಿಟ್ಟು ಒಳಗೆ ಬಂದ. ಲಂಚ ಕೇಳಲಿಲ್ಲ, ಚಹಾ ಕೂಡ ಬಲವಂತಕ್ಕೆ ಕುಡಿದ. ಕೇಳುವವನಾಗಿದ್ದರೆ ಏನೋ ಒಂದು ದಾರಿ ಇರುತ್ತಿತ್ತು. ಸುತ್ತ ಒಮ್ಮೆ ನೋಡಿದ್ದೇ ಅವನ ಮುಖ ಅರಳಿತು.

"ಇಲ್ಲು ಚಾಲಾ ಬಾಗುಂದಮ್ಮಾ!" ಅಂದ. ಮನೆ ಬಹಳ ಚೆನ್ನಾಗಿದೆಯಂತೆ. ಗಾದಿಲಿಂಗಮ್ಮನ ಮುಖ ಕೆಂಪಾಯಿತು.

ನಾನು ಹಿಂದಿನ ಗೋಡೆಯ ಹತ್ತಿರ ಹೋಗಿ, "ಸಾರ್, ಇಲ್ಲಿ ನೋಡ್ರಿ, ಇಲ್ಲಿ ಸ್ವಲ್ಪ..." ಎಂದೆ. ಮುಂದಿನ ಮಾತಿಗೆ ಹೆಂಡತಿಯ ಕಣ್ಣು ಅಡ್ಡ ಬಂತು. ಅವನು ಬಂದು ಬೆರಳಿನಿಂದ ಒತ್ತಿ ನೋಡಿದ. ಮೆತ್ತಿದ ಮಣ್ಣು ಕಲ್ಲಿನಂತೆ ಗಟ್ಟಿಯಾಗಿತ್ತು. ಆಕೆಯ ಕೈಕೆಲಸ ಹಾಗೆಯೇ. ಆಮೇಲೆ ಕಂಬವನ್ನು ಸವರಿ, ಇದು ಹಳೆಯದೇ ಎಂದು ಕೇಳಿದ.

"ಹೌದ್ರಿ ಸಾರ್, ಹಿರೇರ ಕಾಲದ್ದು," ಅಂದಳು ನನ್ನ ಹೆಂಡತಿ. ತೊಲೆ ಬೀಳದಿರಲಿ ಎಂದು ನಿಲ್ಲಿಸಿದ್ದು ಎನ್ನಲು ಆಕೆಯ ಬಾಯಿ ಹೇಗೆ ಬರಬೇಕು? ನನ್ನ ಬಾಯಿಯೂ ಬರಲಿಲ್ಲ.

"ಮನ್ಯಾಗ ಏನಾರ ತೊಂದ್ರಿ ಐತೇನಮ್ಮಾ?" ತನಗೆ ಬರುವ ಅಷ್ಟಿಷ್ಟು ಕನ್ನಡದಲ್ಲೇ ಕೇಳಿದ ಪುಣ್ಯಾತ್ಮ.

"ನಿಮ್ಮ ಆಶೀರ್ವಾದದಿಂದ ಎಲ್ಲಾ ಚೊಲೋ ಐತ್ರಿ."

ಅವನು ನಾಲ್ಕೂ ಮೂಲೆಯ ಫೋಟೋ ತೆಗೆದುಕೊಂಡು, ಇಬ್ಬರಿಗೂ ಕೈ ಮುಗಿದು ಹೋದ. ಗಾದಿಲಿಂಗಮ್ಮ ಬೀದಿಯ ತಿರುವಿನವರೆಗೂ ಹೋಗಿ ಕಳಿಸಿ ಬಂದಳು. ಇಷ್ಟು ಒಳ್ಳೆಯ ಮನುಷ್ಯ ಕೆಲಸ ಮಾಡಿಕೊಡದೆ ಇರುತ್ತಾನೆಯೇ ಎಂಬುದು ಆಕೆಯ ಲೆಕ್ಕ.

ಉತ್ತರವನ್ನು ಲಕ್ಷ್ಮಿಕಾಂತನೇ ಓದಿ ಹೇಳಿದ. ಕಟ್ಟಡ ಸುಸ್ಥಿತಿಯಲ್ಲಿದೆ. ಹಳೆಯ ಕಾಲದ ಮರದ ಕಂಬ, ಸಾಂಪ್ರದಾಯಿಕ ಬಣ್ಣಗಾರಿಕೆ ಉಳಿದುಕೊಂಡಿವೆ. ಬಿಚ್ಚಿ ಕಟ್ಟುವ ಅಗತ್ಯ ಕಾಣುವುದಿಲ್ಲ.

ನನಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಲಕ್ಷ್ಮಿಕಾಂತ ಮಾತ್ರ ಧೈರ್ಯ ಹೇಳಿದ. "ಫಿಕರ್ ಮಾಡಬ್ಯಾಡ್ರಿ ಮಾಮಾ. ಮೆತ್ತಿದ್ದು ಕೆತ್ತಿ ತಗೀರಿ, ಬಿರುಕು ಕಾಣೋ ಹಂಗ ಫೋಟೋ ಹೊಡದು ಮತ್ತೊಂದು ಅರ್ಜಿ ಹಾಕೂಣು."

ಗಾದಿಲಿಂಗಮ್ಮನಿಗೆ ನಾನು ಬಯ್ಯಲಿಲ್ಲ. ಬಯ್ದಿದ್ದರೆ ಆಕೆಗೆ ಹಗುರವಾಗುತ್ತಿತ್ತೇನೋ. ಕುಡುಗೋಲು ಹಿಡಿದು ಆಕೆಯೇ ಕೆತ್ತಿದಳು. ಗಟ್ಟಿಯಾಗಿ ಮೆತ್ತಿದ್ದಕ್ಕೆ ಬಿರುಕಿನೊಳಗಿನ ಹಳೆಯ ಮಣ್ಣು ಕಲ್ಲುಗಳೂ ಕಿತ್ತುಕೊಂಡು ಬಂದವು. ಗೋಡೆ ಮೊದಲಿಗಿಂತ ಹಾಳಾಯಿತು. ಈಗ ಹಿತ್ತಿಲಿನ ಬೆಳಕು ನಡುಮನೆಯೊಳಗೆ ಬೀಳುತ್ತಿತ್ತು.

ಎರಡನೆಯ ಅರ್ಜಿಗೆ ಮತ್ತೆ ಶಿವಕೃಷ್ಣನೇ ಬಂದ. ಗೋಡೆಯ ಸಂದಿಯಿಂದ ಹಿತ್ತಿಲು ಇಣುಕಿ ನೋಡಿದ. ಈ ಸಲ ನನ್ನ ಹೆಂಡತಿ ಬಾಯಿಗೆ ಸೆರಗು ಇಟ್ಟುಕೊಂಡು ಒಲೆಯ ಬಳಿ ಕೂತಿದ್ದಳು. ನಾನು ಅವನನ್ನು ಬೀದಿಗೆ ಕರೆದುಕೊಂಡು ಹೋಗಿ, ಮನೆಯ ಹೊಸ್ತಿಲು ದಾಟಿದ ಮೇಲೆ, ಎಲ್ಲವನ್ನೂ ಹೇಳಿದೆ. ಸುಣ್ಣ, ಕಂಬ, ಮಗಳು, ತೊಟ್ಟಿಲು ಎಲ್ಲ. ಅವನು ನಂಬಿದ. ನಂಬಿದ್ದು ಅವನ ಮುಖದಲ್ಲೇ ಕಾಣುತ್ತಿತ್ತು.

"ನೇನೇಂ ಚೇಯಲೇನು ಪೆದ್ದಾಯನಾ," ಎಂದ. ತನ್ನ ಕೈಯಲ್ಲಿ ಏನೂ ಇಲ್ಲವಂತೆ. ತಾನೇ ತೆಗೆದ ಒಳ್ಳೆಯ ಗೋಡೆಯ ಫೋಟೋ ಮೇಲಿನವರ ಬಳಿ ಇದೆ. ಈಗ ಅದೇ ಗೋಡೆ ಹೀಗಿದೆ ಎಂದು ಬರೆದರೆ, ಇಷ್ಟರಲ್ಲಿ ಕೆಡವಿದವರು ಯಾರು ಎಂದು ಕೇಳುತ್ತಾರೆ. ಪರ್ಮಿಷನ್ ಪಡೆಯಲು ಬೇಕೆಂದೇ ಕೆಡವಿದ್ದಾರೆ ಎಂದು ನಮ್ಮ ಮೇಲೆ ಕೇಸು ಹಾಕುತ್ತಾರೆ. ಸದ್ಯ ಯಾವುದನ್ನೂ ಮುಟ್ಟಬೇಡಿ, ಮೆತ್ತಲೂ ಬೇಡಿ, ವಿಚಾರಣೆಗೆ ದೊಡ್ಡ ಸಾಹೇಬರು ಬರುವವರೆಗೆ ಹಾಗೇ ಬಿಡಿ ಎಂದ. ಅವರು ಯಾವಾಗ ಬರುತ್ತಾರೆಂದು ಕೇಳಿದ್ದಕ್ಕೆ, ಅದು ತನಗೂ ಗೊತ್ತಿಲ್ಲ ಎಂದ. ಅಂಥ ಒಳ್ಳೆಯ ಹುಡುಗನನ್ನು ಬಯ್ಯುವುದಕ್ಕೂ ಬರುವುದಿಲ್ಲ, ಇದೊಂದು ಬೇರೆ ಸಂಕಟ.

ಬಾಡಿಗೆಗೆ ಒಂದು ಕೋಣೆ ಹುಡುಕಿದೆ. ಬಾಣಂತಿಗೆ ಎಂದ ಕೂಡಲೇ ಎಲ್ಲರೂ ಹಿಂದೆ ಸರಿದರು. "ಬ್ಯಾರೆ ಏನಾರ ಕೇಳಣ್ಣಾ. ಪುರುಡಿನ ಮೈಲಿಗಿ ನಮ್ಮ ಮನ್ಯಾಗ ಬ್ಯಾಡ," ಅಂದರು. ಅವರೂ ನಮ್ಮಂಥವರೇ. ನಾನೂ ಬಹುಶಃ ಹಾಗೇ ಅನ್ನುತ್ತಿದ್ದೆ.

ಹರಿತಾಳಿಗೆ ಏಳು ತುಂಬಿ ಆಲೂರಿನಲ್ಲಿ ಕುಬುಸದ, ಅಂದರೆ ಸೀಮಂತದ, ದಿನ ಬಂತು. ಹಸಿರು ಸೀರೆ, ಹಸಿರು ಬಳೆ, ಹೂವು, ಹಣ್ಣು ಹೊತ್ತುಕೊಂಡು ಬಸ್ಸು ಹತ್ತಿದೆವು. ಕುಬುಸ ಮುಗಿದ ಮೇಲೆ ಮಗಳನ್ನು ತವರಿಗೆ ಕರೆದುಕೊಂಡು ಹೋಗುವುದು ಎಲ್ಲರಿಗೂ ಗೊತ್ತಿದ್ದ ಮಾತು. ಅಳಿಯ ಕಾರು ಕೂಡ ಗೊತ್ತು ಮಾಡಿಟ್ಟಿದ್ದ. ಇದ್ದದ್ದು ಇದ್ದ ಹಾಗೆ ಹೇಳಿಬಿಡೋಣ ಎಂದು ನಾನು ಬಸ್ಸಿನಲ್ಲೇ ಅಂದೆ.

"ನೀವು ಬಾಯಿ ತಗೀಬ್ಯಾಡ್ರಿ," ಅಂದಳು ಗಾದಿಲಿಂಗಮ್ಮ. "ತುಂಬಿದ ಹೊಟ್ಟಿ ಮುಂದ ಗ್ವಾಡಿ ಮಾತು ಬ್ಯಾಡ. ನಾ ಹೇಳ್ತೀನಿ."

ಮಗಳಿಗೆ ಕುಬುಸ ತೊಡಿಸಿದರು, ಆರತಿ ಎತ್ತಿದರು. ಹರಿತಾ ನಕ್ಕೂ ನಕ್ಕೂ ಸುಸ್ತಾಗಿದ್ದಳು. ಊಟವಾದ ಮೇಲೆ ಅವಳ ಅತ್ತೆ ಗಂಗಕ್ಕ ಬ್ಯಾಗು ತಂದು ಬಾಗಿಲಲ್ಲಿ ಇಟ್ಟರು. ಹರಿತಾ ಅತ್ತೆಗೆ ನಮಸ್ಕಾರ ಮಾಡಿ, ಚಪ್ಪಲಿ ಮೆಟ್ಟಿಕೊಂಡು, "ನಡೀಯವ್ವಾ," ಅಂದಳು.

ಗಾದಿಲಿಂಗಮ್ಮ ಮಗಳ ಕಡೆ ನೋಡಲಿಲ್ಲ. ಗಂಗಕ್ಕನ ಕೈ ಹಿಡಿದುಕೊಂಡಳು.

"ಬೀಗರ, ಬಾಣಂತನ ನೀವೇ ಮಾಡ್ಕ್ಯಾರಿ. ನನ್ನ ಕೈಲಿ ಆಗಂಗಿಲ್ಲ."

"ಹಿಂಗ್ಯಾಕಂತೀರಿ? ಆದೋನ್ಯಾಗ ಓಣಿ ಬಾಣಂತ್ಯಾರಿಗೆಲ್ಲಾ ನೀರು ಹಾಕಿದಾಕಿ ನೀವು. ನಿಮ್ಮ ಮಗಳಿಗೆ ಆಗಂಗಿಲ್ಲ ಅಂದ್ರ?"

"ಬ್ಯಾಸರ ಆಗೈತ್ರಿ. ಈಗ ನನಗ ಅದೆಲ್ಲಾ ಬ್ಯಾಡಾಗೈತಿ."

ಸುಳ್ಳು ಹೇಳುತ್ತಿದ್ದಾಳೆ, ರಾತ್ರಿ ಎಲ್ಲ ಕೂಸಿನ ಕುಲಾವಿ ಹೊಲಿಯುತ್ತ ಕೂಡುತ್ತಾಳೆ ಎಂದು ಕೂಗಿ ಹೇಳಬೇಕೆನಿಸಿತು. ಆದರೆ ಆಕೆಯ ಇನ್ನೊಂದು ಕೈ ಬೆನ್ನ ಹಿಂದೆ ನನ್ನ ಅಂಗಿಯನ್ನು ಬಿಗಿಯಾಗಿ ಹಿಡಿದಿತ್ತು. ನಾನು ನೆಲ ನೋಡಿದೆ.

ಹರಿತಾ ಅವ್ವನನ್ನು ನೋಡಿದಳು, ಆಮೇಲೆ ನನ್ನನ್ನು. ಅವಳು ಕೇಳಿದ್ದರೆ ಹೇಳಿಬಿಡುತ್ತಿದ್ದೆ. ಬಾಗಿಲ ಚೌಕಟ್ಟು ಹಿಡಿದುಕೊಂಡು, ಒಂದಾದ ಮೇಲೊಂದರಂತೆ ಚಪ್ಪಲಿ ಬಿಟ್ಟು, ಬ್ಯಾಗನ್ನು ತಾನೇ ಎತ್ತಿಕೊಂಡು ಒಳಗೆ ಹೋದಳು.